ಬಿಳಿ ನಿಶಾನೆಯ ಮನೆ

ಆಫ್ರಿಕಾದ ದಕ್ಷಿಣ ತುದಿಯ ಬಸುಟೊಲ್ಯಾಂಡಿನ ಬೆಟ್ಟದ ಮೇಲೆ, ಹುಲ್ಲು ಹೊದಿಸಿದ ಕಲ್ಲುಮನೆಯೊಂದರ ಮುಂದೆ ಕುಳಿತು ಬರೆಯುತ್ತಿದ್ದೇನೆ. ನಾವು ಬಂದ ಸೈನಿಕರ ಹಡಗು ದೂರದ ಬಂದರಿನಲ್ಲಿ ದುರಸ್ತಿಗೆ ನಿಂತದ್ದರಿಂದ, ಅದರ ಕಂಪೌಂಡರ್ ಅಫಜಲಪುರದ ಶರಣಪ್ಪ ನನ್ನ ಜೊತೆ ಕುದುರೆ ಏರಿ ಇಲ್ಲಿಗೆ ಬಂದ. ಕಣಿವೆಯ ಅಂಚಿನಲ್ಲಿ ಅವನು ಹೆದರಿ ಲಗಾಮು ಎಳೆದ. ಕುದುರೆ ತಿರುಗಿತು, ಅವನು ಜಾರಿ ಒಂದು ಪೊದೆ ಹಿಡಿದು ನೇತಾಡಿದ. ದಾರಿ ತೋರುವ ಥಾಬೊ ತಾನು ಹೊದ್ದ ಕಂಬಳಿಯನ್ನೇ ಕೆಳಗೆ ಬಿಟ್ಟು ಅವನನ್ನು ಮೇಲಕ್ಕೆ ಎಳೆದುಕೊಂಡ. ಪೊದೆಯ ಬೇರು ಒಂದೊಂದಾಗಿ ಕಿತ್ತು ಬರುವುದು ಈಗಲೂ ಕಣ್ಣ ಮುಂದಿದೆ.

ಈ ಮನೆಯ ಮುಂದಿನ ಕೋಲಿಗೆ ಬಿಳಿ ಬಟ್ಟೆ ಕಟ್ಟಿದೆ. ಅದನ್ನು ಕಂಡದ್ದೇ ಶರಣಪ್ಪ, "ನಿಶಾನಿ ಅದರಿ, ದರ್ಗಾನೇ ಇರಬೇಕು" ಎಂದು ಬೂಟು ಬಿಚ್ಚಿ ಹೊಸ್ತಿಲಿಗೆ ಹಣೆ ಹಚ್ಚಿದ. ಒಳಗಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಜೋಳದ ಬೀರು ಸಿದ್ಧವಾದಾಗ ಇಲ್ಲಿನ ಬಸೋತೊ ಜನ ಮನೆಯ ಮುಂದೆ ಬಿಳಿ ಬಟ್ಟೆ ಏರಿಸುತ್ತಾರಂತೆ. ಥಾಬೊ ಹರಕು ಇಂಗ್ಲಿಷಿನಲ್ಲಿ ಹೇಳಿದ.

"ಸೆರೆ ಅಂಗಡಿಗೆ ಅಡ್ಡಬಿದ್ದಿ ನೋಡಪಾ" ಎಂದೆ.

"ಇರ್ಲಿ ಬಿಡ್ರಿ. ಜೀವ ಉಳದದ, ಯಾರಿಗರೆ ಕೈ ಮುಗೀಬೇಕಲ್ರಿ."

"ಇಳಿಯೋ ದಾರಿನೂ ಅದೇ ಅಂತ."

"ಗೊತ್ತದರಿ. ಅದಕ್ಕೇ ಮುಗ್ಯಾಕತ್ತೇನಿ."

ಮರವಿಲ್ಲದ ಬೆಟ್ಟಗಳ ಮೇಲೆ ಬಿಸಿಲು ಇಳಿಯುತ್ತಿದೆ. ಲಗಾಮು ಸಡಿಲ ಬಿಡು, ದಾರಿ ಕುದುರೆಗೆ ಗೊತ್ತು ಎಂದು ಥಾಬೊ ಮತ್ತೆ ಮತ್ತೆ ಹೇಳುತ್ತಿದ್ದಾನೆ. ಶರಣಪ್ಪ ಏರಿ ಕುಳಿತಿದ್ದಾನೆ. ಕೈ ತಾನಾಗಿ ಲಗಾಮಿಗೆ ಹೋದೀತೆಂದು, ಎರಡನ್ನೂ ಎದೆಯ ಮುಂದೆ ಜೋಡಿಸಿ ಬಿಗಿಹಿಡಿದಿದ್ದಾನೆ.