ಎರಡನೆಯ ಕೇಬಲ್

ಸ್ವಿಚ್ ಎಂದರೆ ನಮ್ಮ ಕಸುಬಿನಲ್ಲಿ ದೀಪ ಹಾಕುವ ಸ್ವಿಚ್ಚಲ್ಲ. ಕಟ್ಟಡದ ಕಂಪ್ಯೂಟರುಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಇದನ್ನು ಕಾರ್ಕಳದ ನಮ್ಮ ನೆಂಟರಿಷ್ಟರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ.

ಕಾಪುವಿನ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಅಂಥ ಎರಡು ಪೆಟ್ಟಿಗೆ ಬೇಕಾಗಿದ್ದವು, ಕೆಳಗೊಂದು, ಮಹಡಿಗೊಂದು. ಅಲ್ಲಿ ತೆಗೆದ ಚಿತ್ರಗಳನ್ನು ಮಣಿಪಾಲದಲ್ಲಿ ಕೂತ ಡಾಕ್ಟರು ನೋಡಿ ವರದಿ ಕೊಡುತ್ತಿದ್ದರು. ಚಿತ್ರಗಳು ಭಾರ, ಒಂದು ಕೇಬಲ್ ಸಾಲದು ಎಂದು ನಡುವೆ ಎರಡು ಎಳೆಸಿದವನು ನಾನೇ. ಎರಡನ್ನೂ ಕೂಡಿಸಿ ಒಂದೇ ದಾರಿಯಂತೆ ಬಳಸಬಲ್ಲ ಸ್ವಿಚ್ ಉಡುಪಿಯ ಅಂಗಡಿಯಲ್ಲಿ ಇತ್ತು. ಆದರೆ ಅದರ ಸೆಟ್ಟಿಂಗಿಗೆ ಅರ್ಧ ದಿನ ಕೂರಬೇಕು. ಪುರುಸೊತ್ತಿಲ್ಲ ಎಂದು ಸಾದಾ ಸ್ವಿಚ್ ತಂದೆ. ಸಾದಾ ಸ್ವಿಚ್‌ಗಳ ನಡುವೆ ಎರಡು ಕೇಬಲ್ ಹಾಕಿದರೆ ಮಾಹಿತಿ ಗಾಣದೆತ್ತಿನಂತೆ ಸುತ್ತುತ್ತಲೇ ಇದ್ದು, ಎಲ್ಲವೂ ನಿಂತುಹೋಗುತ್ತದೆ. ಅದು ಗೊತ್ತಿದ್ದೂ ಎರಡನೆಯದರ ತುದಿಯನ್ನು ಹಾಗೇ ಬಿಟ್ಟು, ಒಂದು ಚೀಟಿಯನ್ನೂ ಅಂಟಿಸದೆ, ಆಮೇಲೆ ನೋಡಿದರಾಯಿತು ಎಂದು ಬಂದುಬಿಟ್ಟೆ.

ಆಯುಧಪೂಜೆ ಬಂತು. ಅಂದು ಯಂತ್ರಗಳನ್ನೆಲ್ಲ ಬಿಚ್ಚಿ ಒರೆಸಿ, ಗಂಧ ಹಚ್ಚಿ, ಹೂವಿಡುವುದು ಎಲ್ಲೆಡೆಯ ಪದ್ಧತಿ. ಸೆಂಟರಿನಲ್ಲಿ ಆ ಕೆಲಸ ಮಾಡಿದ್ದು ಗದಗ ಕಡೆಯಿಂದ ಬಂದು ಅಲ್ಲಿ ಗುಡಿಸಿ ಒರೆಸುತ್ತಿದ್ದ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಸ್ವಿಚ್ಚಿಗೂ ಒಂದು ಸೇವಂತಿಗೆ ಇಟ್ಟು ಅವರು ಕೇಬಲ್‌ಗಳನ್ನೆಲ್ಲ ಮತ್ತೆ ಚುಚ್ಚಿದರು. ನಾನು ಬಿಟ್ಟಿದ್ದ ತುದಿಯನ್ನೂ ಚುಚ್ಚಿದರು.

ಅಂದೇ ಮಧ್ಯಾಹ್ನ ತಲೆಗೆ ಪೆಟ್ಟಾಗಿದ್ದ ಹೆಜಮಾಡಿಯ ಮೀನುಗಾರರೊಬ್ಬರನ್ನು ತಂದರು. ಚಿತ್ರ ಮಣಿಪಾಲಕ್ಕೆ ಹೋಗಲೇ ಇಲ್ಲ. ನಾನು ಓಡಿಬರುವಷ್ಟರಲ್ಲಿ ವರದಿಯಿಲ್ಲದೆಯೇ ಅವರನ್ನು ಆಂಬುಲೆನ್ಸಿನಲ್ಲಿ ಕಳಿಸಿಯಾಗಿತ್ತು. ಆ ಎರಡನೆಯ ಕೇಬಲನ್ನು ಎಲ್ಲರ ಎದುರಿಗೇ ಕಿತ್ತೆ.

“ಎಂತ ಮಾರಾಯ ಇದು? ಒಂದು ಜೀವದ ಪ್ರಶ್ನೆ ಅಲ್ವಾ?” ಎಂದರು ಸೆಂಟರಿನ ಮಾಲಕರು.

“ನಾನ ಹಾಕೀನ್ರಿ. ಒಂದು ಹಂಗ ಬಿಟ್ಟಿತ್ತು, ಮರತಾರಂತ ತಿಳದ್ನಿ,” ಎಂದರು ಅಕ್ಕ.

“ಗೊತ್ತಿಲ್ಲದ್ದಕ್ಕೆ ಕೈ ಹಾಕುವುದು ಯಾಕೆ? ನಾಳೆಯಿಂದ ಬರುವುದು ಬೇಡ.”

ಸ್ವಿಚ್ ಆರಿಸಿದವನು ನಾನು, ತಪ್ಪು ನನ್ನದು ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ. ವಾರದೊಳಗೆ ಸರಿಯಾದ ಸ್ವಿಚ್‌ಗಳನ್ನು ತಂದು, ಅರ್ಧ ದಿನ ಕೂತು, ಎರಡೂ ಕೇಬಲ್ ಕೂಡಿಸಿದೆ. ಮಾಲಕರು ಬೆನ್ನು ತಟ್ಟಿದರು. ನಾಚಿಕೆಯಿಂದ ಮೈ ಹಿಡಿಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಐದಾರು ತಿಂಗಳ ಮೇಲೆ ಕಟಪಾಡಿಯ ಬಸ್‌ನಿಲ್ದಾಣದಲ್ಲಿ ಅಕ್ಕ ಸಿಕ್ಕಿದರು. ಈಗ ಕಟ್ಟಡದ ಕೆಲಸವಂತೆ, ಬೆರಳುಗಳು ಸಿಮೆಂಟಿಗೆ ಬಿರಿದಿದ್ದವು. ತಡೆಯಲಾರದೆ ಎಲ್ಲ ಹೇಳಿದೆ. ಮಾಲಕರ ಮುಂದೆಯೂ ಒಪ್ಪಿಕೊಳ್ಳುತ್ತೇನೆ, ನಿಮ್ಮನ್ನು ಮತ್ತೆ ಕೆಲಸಕ್ಕೆ ಕರೆಸುತ್ತೇನೆ ಎಂದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಆ ಪೇಶಂಟು ಉಳದ್ರೇನ್ರಿ?”

“ಉಳಿದರು ಅಕ್ಕ. ಮೂರನೇ ದಿನವೇ ಗೊತ್ತಾಗಿತ್ತು.”

ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು.

“ಅದೊಂದ ಮಾತು ನನಗ ಹೇಳಬೇಕಿತ್ತಲ್ರಿ ಸರ,” ಎಂದರು. “ನಾನ ಕೊಂದೀನಿ ಅಂತ ತಿಳ್ಕೊಂಡಿದ್ನಿ.”