ಕುಂಕುಮದ ಕೆಳಗಿನ ಎರಡೂವರೆ

ಶಲವಡಿಯ ಪಂಢರಿನಾಥರ ಕೊರಳಲ್ಲಿ ತುಳಸಿಮಾಲೆ, ಹೆಗಲ ಮೇಲೆ ಜೋಡುನಳಿಗೆಯ ಬಂದೂಕು. ಇವೆರಡನ್ನೂ ಒಂದೇ ದೇಹದ ಮೇಲೆ ಕಂಡ ಹೊಸಬರು ಬೆರಗಾಗುತ್ತಿದ್ದರು. ಬಂದೂಕು ತಂದೆಯಿಂದ ಬಂದದ್ದು, ವಿಲಾಯತಿಯದು. ಬೆಳೆ ಕಾಯಲೆಂದು ಸರಕಾರ ಅದಕ್ಕೆ ಪರವಾನಿಗೆ ಕೊಟ್ಟಿತ್ತು. ಜೋಳದ ಹೊಲಕ್ಕೆ ಚಿಗರಿ ಜಿಂಕೆಗಳ ಹಿಂಡು ಇಳಿದಾಗ ಅವರು ನಳಿಗೆಯನ್ನು ಬರಿದಾದ ಬಯಲಿನ ಕಡೆ ಮೇಲಕ್ಕೆತ್ತಿ, "ವಿಠ್ಠಲಾ, ನಿನ್ನ ಮಕ್ಕಳನ್ನ ಸ್ವಲ್ಪ ಬಾಜೂಕ ಸರಿಸಪಾ" ಎಂದು ಬೇಡಿಕೊಂಡು ಒಂದು ಸಪ್ಪಳ ಮಾಡುತ್ತಿದ್ದರು. ಒಂದು ಜೀವವನ್ನಾದರೂ ತೆಗೆದವರಲ್ಲ.

"ಏನೋ ಪಂಢರಿ, ನಿನ್ನ ಬಂದೂಕಕ್ಕಿಂತ ನಮ್ಮ ಹುಡುಗೂರ ಕವಣಿ ಹೆಚ್ಚು ಪಾಪ ಮಾಡೇತಿ!" ಎಂದು ಬಾಲ್ಯದ ಗೆಳೆಯ, ಹಲಗೆ ಬಾರಿಸುವ ಇಮಾಮುದ್ದೀನ ನಗುತ್ತಿದ್ದನು.

ಆ ಬಂದೂಕಿಗೆ ಊರಿನಲ್ಲಿ ಇನ್ನೊಂದು ಸೇವೆಯಿತ್ತು. ವಿಜಯದಶಮಿಯ ಸಂಜೆ ಜನವೆಲ್ಲ ಬನ್ನಿಗಿಡದ ಬಳಿ ಕೂಡಿದಾಗ ಅದರ ಸಪ್ಪಳ ಕೇಳಿಸಿದ ಮೇಲೆಯೇ ಮೊದಲ ಎಲೆ ಹರಿಯುವುದು. ತಂದೆಯ ಕಾಲದಿಂದ ಒಂದು ವರ್ಷವೂ ಅದು ತಪ್ಪಿರಲಿಲ್ಲ. ಇಂಥ ಸಣ್ಣ ಸೇವೆಯನ್ನು ದೊಡ್ಡ ಭಾಗ್ಯವೆಂದು ನಂಬಿ ಬದುಕುವವರನ್ನು ಭಗವಂತನು ಎಷ್ಟು ಅಕ್ಕರೆಯಿಂದ ಕಾಯುತ್ತಾನೆ ಎಂಬುದನ್ನು ಹೇಳಲಿಕ್ಕೇ ನಾನು ಈ ಮಾತು ತೆಗೆದದ್ದು.

ಎಪ್ಪತ್ತೈದರ ಸುಮಾರಿನ ಒಂದು ಮಳೆಗಾಲ ದಸರೆಯವರೆಗೂ ಜಿನುಗಿತು. ಪಂಢರಿನಾಥರು ಕೂಡಿಟ್ಟಿದ್ದ ಕಾಗದದ ಕಾಡತೂಸುಗಳು ತೇವ ಹಿಡಿದು ಉಬ್ಬಿ ಕೆಲಸಕ್ಕೆ ಬಾರದಾದವು. ಸೇವೆ ತಪ್ಪೀತೆಂದು ಅವರು ಕಳವಳಪಡುತ್ತಿರುವಾಗಲೇ ಹೊಸ ಅಳಿಯ ಬಾಳಕೃಷ್ಣ ಮೊದಲ ದಸರೆಗೆಂದು ಬೆಳಗಾವಿಯಿಂದ ಬಂದನು. ಕೈಯಲ್ಲಿ ಹೊಸ ಕಾಡತೂಸುಗಳ ಡಬ್ಬಿ.

"ಮಾವಾರ, ನನ್ನ ಹೊಸ ಬಂದೂಕಿಗೆ ತರಿಸಿದ್ದು. ನಿಮ್ಮದೂ ಹನ್ನೆರಡು ಬೋರು, ನಂದೂ ಹನ್ನೆರಡು ಬೋರು. ಬನ್ನಿಗಿಡದಾಗ ಇದ ಹಾರಲಿ," ಎಂದು ಅವನು ಅಭಿಮಾನದಿಂದ ಮುಂದಿಟ್ಟನು. ಅತ್ತೆ ಮುಕ್ತಾಬಾಯಿಗೆಂದು ಹಾರಿಸಿದ ಒಂದು ಖಾಲಿ ಕೊಳವೆಯನ್ನೂ ತಂದಿದ್ದನು. ಆ ತಾಯಿ ಹಾರಿದ ಕಾಡತೂಸುಗಳ ಕೊಳವೆಗಳನ್ನು ಒರೆಸಿ, ಕುಂಕುಮ ತುಂಬಿ, ಮನೆಗೆ ಬಂದ ಮುತ್ತೈದೆಯರಿಗೆ ಕೊಡುತ್ತಿದ್ದಳು.

ಪಂಢರಿನಾಥರು ಅಂಗಳಕ್ಕೆ ಹೋಗಿ ಹೊಸ ಕಾಡತೂಸೊಂದನ್ನು ನಳಿಗೆಯಲ್ಲಿ ಇಳಿಸಿ ನೋಡಿದರು. ಸಲೀಸಾಗಿ ಕೂತಿತು, ಬಂದೂಕೂ ಮುಚ್ಚಿತು. ಹೊರಗೆ ತೆಗೆದು ಹಳೆಯ ಕಾಡತೂಸೊಂದರ ಪಕ್ಕದಲ್ಲಿಟ್ಟು, "ಅಳಿಯಂದ್ರ, ನನ್ನ ಮಾನ ಉಳಿಸಿದ್ರಿ" ಎಂದು ಹಿಗ್ಗಿದರು.

ಮರುದಿನ ಖಂಡೇನವಮಿ, ಆಯುಧಪೂಜೆಯ ದಿನ. ವರ್ಷದ ರೂಢಿಯಂತೆ ನಳಿಗೆಗಳನ್ನು ಹಿಡಿಯಿಂದ ಬಿಡಿಸಿ, ದೇವರ ಮುಂದಿನ ಮಣೆಯ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಮುಕ್ತಾಬಾಯಿ ಕುಂಕುಮದ ಕೊಳವೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ನಿಲ್ಲಿಸುತ್ತ ನಿಲ್ಲಿಸುತ್ತ ಆಕೆಯ ಕೈ ತಡೆಯಿತು.

"ಏನ್ರಿ, ಇಲ್ನೋಡ್ರಿ. ಅಳಿಯಂದ್ರು ತಂದದ್ದು ಸಾಲಿಗಿ ಬರವಲ್ದು. ಒಂದ ಕಡ್ಲಿಕಾಳಿನಷ್ಟು ಎತ್ತರ ಐತಿ."

"ಇರಲಿ ಬಿಡ. ಕುಂಕುಮ ಒಂದ ಚಿಟಿಕಿ ಹೆಚ್ಚಿಗಿ ಹಿಡೀತೈತಿ."

"ಕುಂಕುಮದ ಮಾತಲ್ಲರಿ. ನಿನ್ನಿ ಇನ್ನೂ ಹಾರಸದ ಹೊಸಾದು, ಹಳೇದು ಎರಡೂ ಬಾಜೂಬಾಜೂಕ ಇಟ್ಟಿದ್ರಿ, ಸಮ ಇದ್ದವು. ಹಾರಿದ ಮ್ಯಾಲೆ ಇದೊಂದ ಹೆಂಗ ಬೆಳೀತು?"

ಪಂಢರಿನಾಥರ ಮುಖದ ನಗೆ ನಿಂತಿತು. ತಮ್ಮ ಹಳೆಯ ಖಾಲಿ ಕೊಳವೆಯನ್ನು ನಳಿಗೆಯೊಳಗೆ ಇಳಿಸಿದರು, ಅಂಚಿನವರೆಗೆ ಕೂತಿತು. ಅಳಿಯನ ಖಾಲಿ ಕೊಳವೆ ಮಾತ್ರ ಕೊನೆಗೆ ಎಡವಿ, ಅಂಚು ಹೊರಗೇ ಉಳಿಯಿತು. ಆಗ ಅವರ ಕಣ್ಣು ನಳಿಗೆಯ ಬುಡದ ಚಪ್ಪಟೆ ಭಾಗದ ಮೇಲೆ ಬಿತ್ತು. ಪ್ರತಿ ಖಂಡೇನವಮಿಗೆ ತಂದೆ ಅಲ್ಲಿಯೇ ಕುಂಕುಮ ಹಚ್ಚುತ್ತಿದ್ದರು. ಅವರ ಮೇಲೆ ಇವರೂ ಹಚ್ಚಿದರು. ಎಣ್ಣೆ, ಗಂಧ, ಕುಂಕುಮಗಳು ಪದರು ಪದರಾಗಿ ಗಟ್ಟಿಯಾಗಿದ್ದವು. ಎಣ್ಣೆಬಟ್ಟೆಯಿಂದ ತಿಕ್ಕಿದಾಗ ಕೆಳಗೆ ಕೊರೆದ ಅಂಕಿ ಮೂಡಿತು: ಎರಡೂವರೆ ಇಂಚು, ಆ ನಳಿಗೆಗೆ ಹೊಂದುವ ಕಾಡತೂಸಿನ ಉದ್ದ. ಅಳಿಯನ ಡಬ್ಬಿಯ ಮೇಲೆ ಅಚ್ಚಾದದ್ದು ಎರಡೂ ಮುಕ್ಕಾಲು.

ಅಯ್ಯೋ, ನಾವು ಎಷ್ಟು ಸಲ ಹೀಗೆ ಮಾಡುತ್ತೇವೆ! ನಮ್ಮನ್ನು ಕಾಯಲೆಂದು ಬರೆದಿಟ್ಟ ಮಾತಿನ ಮೇಲೆಯೇ ಭಕ್ತಿಯಿಂದ ಹೂವು ಕುಂಕುಮ ಏರಿಸಿ, ಓದುವುದನ್ನು ಮರೆಯುತ್ತೇವೆ.

ವಿಷಯ ಬಾಳಕೃಷ್ಣನಿಗೂ ಹೊಳೆಯಿತು. ಹೊಸ ಕಾಡತೂಸಿನ ಬಾಯಿ ಮಡಿಕೆಮಡಿಕೆಯಾಗಿ ಮುಚ್ಚಿರುತ್ತದೆ. ಆದ್ದರಿಂದ ಹಾರುವ ಮೊದಲು ಗಿಡ್ಡವಾಗಿ ಕಾಣುತ್ತದೆ. ಹಾರಿದಾಗ ಮಡಿಕೆ ಬಿಚ್ಚಿ ಮುಂದಕ್ಕೆ ಚಾಚಬೇಕು. ಹಳೆಯ ನಳಿಗೆಯಲ್ಲಿ ಚಾಚಲು ಸ್ಥಳವಿಲ್ಲ. ಬಿಚ್ಚಿದ ಬಾಯಿ ದಾರಿಯನ್ನೇ ಇಕ್ಕಟ್ಟು ಮಾಡಿದರೆ ಮದ್ದಿನ ಒತ್ತಡವೆಲ್ಲ ನಳಿಗೆಯ ಬುಡದ ಮೇಲೆ ಬೀಳುತ್ತದೆ. ಒಳಗೆ ಹೋಯಿತು, ಬಂದೂಕು ಮುಚ್ಚಿತು ಎಂದಮಾತ್ರಕ್ಕೆ ಹೊಂದಿತು ಎನ್ನುವಂತಿಲ್ಲ.

ಆದರೂ ಅಳಿಯನ ಮುಖ ಬಾಡಿತ್ತು. ಪಂಢರಿನಾಥರು ಅದನ್ನು ಕಂಡರು. ಇತ್ತ ತಂದೆಯ ಸೇವೆ, ಅತ್ತ ಮಗಳ ಗಂಡನ ಮೊದಲ ಉಡುಗೊರೆ. ತಗ್ಗಿದ ದನಿಯಲ್ಲಿ, "ಒಂದ ಸಲಕ್ಕ ಏನಾಕೈತಿ ಬಿಡ" ಎಂದರು.

ಮುಕ್ತಾಬಾಯಿ ಗಂಡನ ಎಡಗೈಯನ್ನು ಹಿಡಿದಳು. "ಏನರ ಆತಂದ್ರ? ನಳಿಗಿ ಹಿಡಿಯೂದು ಈ ಕೈಲೇ ಅಲ್ರಿ? ಬಾಜೂಕ ಊರ ಮಂದಿ ನಿಂತಿರತಾರ. ಏಕಾದಶಿ ಭಜನಿಗೆ ಈ ಕೈ ತಾಳ ಹಿಡೀಬೇಕ್ರಿ."

ಬಾಳಕೃಷ್ಣ ತಾನೇ ಡಬ್ಬಿಯನ್ನು ಮುಚ್ಚಿ ಚೀಲಕ್ಕೆ ಹಾಕಿದನು. "ಅತ್ತೀ, ನೀವು ಕುಂಕುಮ ತುಂಬದಿದ್ರ ನಾ ಯಾವ ಮಾರಿ ಹೊತ್ತು ಈ ಮನಿಗೆ ಬರತಿದ್ದೆ?"

ದಶಮಿಯ ಸಂಜೆ ಪಂಢರಿನಾಥರು ಬರಿಯ ಬಂದೂಕನ್ನೇ ಹೊತ್ತು ಬನ್ನಿಗಿಡದ ಬಳಿ ಬಂದರು. ಜನ ಕಾದರು. ಸಪ್ಪಳವಿಲ್ಲ.

"ಏನೋ ಪಂಢರಿ, ಏಕಾದಶಿ ನಾಳಿಗೈತಿ. ನಿನ್ನ ಬಂದೂಕು ಇವತ್ತ ಉಪಾಸ ಹಿಡೀತೇನು?" ಎಂದನು ಇಮಾಮುದ್ದೀನ.

"ಹೌದಪಾ. ಊಟ ಬಂದಿತ್ತು, ಅದರ ಹೊಟ್ಟಿಗೆ ಒಗ್ಗಲಿಲ್ಲ."

ಜನ ಗೊಳ್ಳೆಂದು ನಕ್ಕರು. ಪಂಢರಿನಾಥರು ನಡೆದದ್ದನ್ನು ಮುಚ್ಚಿಡದೆ ಹೇಳಿ, ಅಳಿಯನ ಹೆಗಲ ಮೇಲೆ ಕೈಯಿಟ್ಟು, "ತಪ್ಪು ಇವರದಲ್ಲ. ನಮ್ಮ ಬಂದೂಕಿನ ಅಂಕಿ ನಾವ ಮುಚ್ಚಿದ್ವಿ" ಎಂದರು.

"ಹಂಗಾರ ಇವತ್ತಿನ ಮದ್ದು ನಂದು," ಎಂದು ಇಮಾಮುದ್ದೀನ ಹಲಗೆಗೆ ಕೈ ಹಾಕಿದನು. ಪಂಢರಿನಾಥರು ಎರಡೂ ಕೈ ಮೇಲೆತ್ತಿ "ವಿಠ್ಠಲ!" ಎಂದು ಕೂಗಿದರು. ಇಡೀ ಊರು ಆ ನಾಮವನ್ನು ಎತ್ತಿಕೊಂಡಿತು. ಗಿಡದಲ್ಲಿದ್ದ ಹಕ್ಕಿಗಳು ಒಮ್ಮೆಗೇ ಹಾರಿದವು. ಮೊದಲ ಎಲೆ ಹರಿಯಿತು. ಬಾಳಕೃಷ್ಣ ಬನ್ನಿ ಕೊಟ್ಟು ಕಾಲಿಗೆರಗಿದಾಗ, "ಬಂಗಾರದಂಗ ಇರೂಣು, ಅಳಿಯಂದ್ರ" ಎಂದು ಅವರು ಎತ್ತಿ ಅಪ್ಪಿಕೊಂಡರು.

ಜೋಳ ತೆನೆ ಹಿಡಿಯುವ ಹೊತ್ತಿಗೆ ಬಾಳಕೃಷ್ಣ ಹುಬ್ಬಳ್ಳಿಯ ಅಂಗಡಿಗಳಲ್ಲಿ ಹುಡುಕಿ ಎರಡೂವರೆಯ ಕಾಡತೂಸುಗಳನ್ನೇ ತಂದನು. ಚಿಗರಿಗಳಿಗೆ ಮತ್ತೆ ಆ ಹಳೆಯ ಸಪ್ಪಳದ ಪರಿಚಯವಾಯಿತು. ಖಂಡೇನವಮಿಯ ಪೂಜೆ ಆ ಮನೆಯಲ್ಲಿ ಇಂದಿಗೂ ಉಂಟು. ಆದರೆ ಕುಂಕುಮ ಹಚ್ಚುವುದು ಹಿಡಿಯ ಕಟ್ಟಿಗೆಗೆ ಮಾತ್ರ. ನಳಿಗೆಯ ಬುಡವನ್ನು ಮೊದಲು ಒರೆಸಿ, ಅಂಕಿಯನ್ನು ಗಟ್ಟಿಯಾಗಿ ಓದಿ, ಆಮೇಲೆ ಆರತಿ ಎತ್ತುತ್ತಾರೆ.