ಉಡುಪಿನ ಉಪಮೆ ಮತ್ತು ಈದ್ ಬಿರಿಯಾನಿ

ನಿವೃತ್ತನಾದ ಮನುಷ್ಯನಿಗೆ ಏನಾದರೊಂದು ವ್ಯಸನ ಬೇಕು. ನನ್ನ ಓರಗೆಯವರು ಹೆಬ್ಬಾಳ ಕೆರೆಯ ಸುತ್ತ ನಡೆಯುತ್ತಾರೆ. ನಾನು ಕುರ್‌ಆನಿನ ಫಾರ್ಸಿ ಅನುವಾದಗಳನ್ನು ಮೇಜಿನ ಮೇಲೆ ಹರಡಿಕೊಂಡು, ಯಾವ ಅನುವಾದಕ ಯಾವ ರೂಪಕಕ್ಕೆ ಏನು ಗತಿ ಕಾಣಿಸಿದ ಎಂದು ವಿಚಾರಣೆ ನಡೆಸುತ್ತೇನೆ. ಆರ್.ಟಿ. ನಗರದಲ್ಲಿ ಇಂಥ ನ್ಯಾಯಪೀಠ ಇನ್ನೊಂದಿಲ್ಲ. ಆರೋಪಿಗಳು ಯಾರೂ ಹಾಜರಾಗಿ ಎದುರು ವಾದಿಸುವುದಿಲ್ಲ ಎನ್ನುವುದೇ ಅದರ ಹೆಚ್ಚುಗಾರಿಕೆ.

ಕಳೆದ ಚಳಿಗಾಲದಲ್ಲಿ, ಗಂಗಾನಗರದ ನಮ್ಮ ಭಾನುವಾರದ ಓದುಕೂಟದಲ್ಲಿ, ಗಂಡ ಹೆಂಡಿರನ್ನು ಒಬ್ಬರಿಗೊಬ್ಬರು ಉಡುಪು ಎಂದು ಕರೆಯುವ ಕುರ್‌ಆನಿನ ಮಾತು ನನ್ನ ಪಾಲಿಗೆ ಬಂತು. ಒಬ್ಬ ಅನುವಾದಕ ಉಡುಪನ್ನು ಉಡುಪಾಗಿಯೇ ಬಿಟ್ಟು ಕೈತೊಳೆದುಕೊಂಡಿದ್ದ. ಇನ್ನೊಬ್ಬ ಉಡುಪನ್ನೇ ಕಳಚಿ ‘ನೆಮ್ಮದಿ’ ಎಂದು ಬರೆದಿದ್ದ. ಮೂರನೆಯವನು ಉಡುಪನ್ನೂ ಉಳಿಸಿ, ಪಕ್ಕದಲ್ಲಿ ಕಂಸ ಹಾಕಿ, ಒಬ್ಬರ ಕುಂದನ್ನು ಇನ್ನೊಬ್ಬರು ಮುಚ್ಚುವವರು ಎಂದು ವಿವರಿಸಿದ್ದ. ನಾನು ಇವನ ಪರವಾಗಿ ತೀರ್ಪಿತ್ತೆ.

ಅಂದು ನನ್ನ ಹೆಂಡತಿ ಮೊದಲ ಬಾರಿಗೆ ಬಂದು ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಉತ್ಸಾಹ ಉಕ್ಕಿತು. “ಮದುವೆಯಾದ ಹೊಸದರಲ್ಲಿ ಈದ್ ದಿನ ಇವಳು ಬಿರಿಯಾನಿಗೆ ಎರಡೆರಡು ಸಲ ಉಪ್ಪು ಹಾಕಿದ್ಲು. ಬಳಗದ ಮುಂದೆ ನಾನು ತುಟಿ ಬಿಚ್ಚದೆ ತಿಂದೆ. ಇದೇ ನೋಡಿ ಉಡುಪು!” ಎಂದೆ. ಜನ ನಕ್ಕರು. ಮುಚ್ಚುವುದು ಎಂದರೇನೆಂದು ವಿವರಿಸಲು ಹೋಗಿ ಸಭೆಯೆದುರು ಎಲ್ಲವನ್ನೂ ಬಿಚ್ಚಿಟ್ಟಿದ್ದೇನೆಂದು ಹೊಳೆಯಲು, ನಾನು ಹೆಂಗಸರ ಸಾಲಿನಲ್ಲಿದ್ದ ಅವಳ ಮುಖ ನೋಡಬೇಕಾಯಿತು.

ಮನೆಯೊಳಗೆ ಬಂದ ಮೇಲೆ ಅವಳ ವಿಚಾರಣೆ ಶುರುವಾಯಿತು. ನಮ್ಮ ಮನೆಮಾತು ದಖನಿ ಉರ್ದು. ಇಲ್ಲಿರುವುದು ನನ್ನ ಕನ್ನಡ ಅನುವಾದ, ಆದ್ದರಿಂದ ಸಾಕಷ್ಟು ಮೃದುವಾಗಿದೆ.

“ಎರಡನೇ ಸಲ ಉಪ್ಪು ಹಾಕಿದ್ದು ಯಾರು?”

“ಯಾರು?”

“ನೀವೇ ಕಣ್ರೀ! ‘ಮರ್ತಿರ್ತಾಳೆ’ ಅಂತ ಒಲೆ ಹತ್ರ ಬಂದು ಸುರಿದು ಹೋದ್ರಿ. ನಿಮ್ಮಮ್ಮನ ಮುಂದೆ ನಿಮ್ಮ ಮಾನ ಹೋಗ್ಬಾರ್ದು ಅಂತ ನಾನು ಬೈಸ್ಕೊಂಡೆ. ಇವತ್ತು ಗಂಗಾನಗರದೋರೆಲ್ಲ ನನ್ ಮುಖ ನೋಡಿ ನಗ್ತಾರೆ. ಬರೋ ಭಾನುವಾರ ಅವರ ಮುಂದೇನೇ ನಿಜ ಹೇಳ್ಬೇಕು.”

ಒಲೆ, ಪಾತ್ರೆ, ನನ್ನ ಧಾರಾಳದ ಕೈ, ಎಲ್ಲವೂ ನಿಧಾನವಾಗಿ ನೆನಪಾದವು.

ಮುಂದಿನ ಭಾನುವಾರ ಕೂಟದಲ್ಲಿ ಎದ್ದು ನಿಂತು, ಯಾವ ಅಲಂಕಾರವೂ ಇಲ್ಲದೆ ಹೇಳಿದೆ: “ಆ ಉಪ್ಪು ಹಾಕಿದ್ದು ಇವಳಲ್ಲ. ನಾನು.”

ಕೂಟದ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಕೇಳಿದ್ರಾ? ಹೆಂಡ್ತಿ ತಪ್ಪನ್ನ ಹೆಂಗೆ ತಮ್ಮ ಮೈಮೇಲೆ ಹಾಕ್ಕೊಂಡ್ರು ನೋಡಿ! ಇದಪ್ಪಾ ಉಡುಪು ಅಂದ್ರೆ!”

“ಇಲ್ಲ ಸಾಹೇಬ್ರೇ, ನಿಜವಾಗ್ಲೂ ನಾನೇ...”

“ದೊಡ್ಡ ಮನಸ್ಸು ಸಾರ್ ನಿಮ್ದು,” ಎಂದು ಪಕ್ಕದವರು ನನ್ನ ಕೈ ಕುಲುಕಿದರು.

ಬದುಕಿನಲ್ಲಿ ನಾನು ನೇರವಾಗಿ ಆಡಿದ ಒಂದೇ ಒಂದು ವಾಕ್ಯವನ್ನು ಇಡೀ ಸಭೆ ರೂಪಕವೆಂದು ತೀರ್ಮಾನಿಸಿತ್ತು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು.

“ನೀವು ಕೂತ್ಕೊಳ್ಳಿ,” ಎಂದಳು. “ನಾನ್ ಹೇಳ್ತೀನಿ.”